ಕಲ್ಲಿನ ಚಕ್ರವರ್ತಿಗೆ ನಾನು ಬರೆದ ಮೀಸೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವದ ಕಥೆ ಕೇಳಿ ನಗುವವರ ಪೈಕಿ. ವಡಗಾವಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು, ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಚಿತ್ರಕಲೆ ಕಲಿಸುತ್ತಿರುವವಳು. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಮಕ್ಕಳಿಗೆ ಬೈಯುವುದೇ ನನ್ನ ನೌಕರಿ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಒಂದಕ್ಷರ ಸೇರಿಸಿಲ್ಲ. ಸೇರಿಸುವ ಧೈರ್ಯವೂ ನನಗಿಲ್ಲ.

ಊರಿನ ಹೆಸರು, ಆ ಚಕ್ರವರ್ತಿಯ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಊರಿನವರಿಗೆ ನಾನು ಇನ್ನೂ ಮುಖ ತೋರಿಸಬೇಕಲ್ಲ... ಖಾನಾಪುರ ದಾಟಿ ಕಣಕುಂಬಿಯ ಕಡೆ ಹೋಗುವಾಗ ಕಾಡಿನೊಳಕ್ಕೆ ಹೊರಳುವ ಒಂದು ಮಣ್ಣಿನ ರಸ್ತೆ. ಅದರ ಕೊನೆಗೆ ಊರು. ಊರಾಚೆ ಒಂದು ಹಳೇ ಗುಡಿ. ಗುಡಿಯ ಒಳಗೋಡೆಗೆ ಆನಿಸಿ ನಿಲ್ಲಿಸಿದ ಎದೆಯೆತ್ತರದ ಒಂದು ಕಲ್ಲು.

ಆ ಕಲ್ಲಿನಲ್ಲಿ ಚಕ್ರವರ್ತಿ ಕೂತಿದ್ದಾನೆ. ಅವನು ಬದುಕಿದ್ದಾಗಲೇ ಕೆತ್ತಿದ್ದು ಎಂದು ಅದರ ಕೆಳಗಿನ ಶಾಸನ ಓದಬಲ್ಲವರು ಹೇಳಿದ್ದರಂತೆ. ಅಂದರೆ ಅರಸನನ್ನು ಕಣ್ಣಾರೆ ಕಂಡವನೊಬ್ಬ ಬಿಟ್ಟುಹೋದ ಮುಖ ಅದೊಂದೇ. ಆದರೆ ತಲೆತಲಾಂತರದಿಂದ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಆ ಮುಖ ಸವೆದು ನುಣ್ಣಗಾಗಿತ್ತು.

ಊರಿನ ಕಮಿಟಿಯವರಿಗೆ ಅದನ್ನು ಸಹಿಸಲಾಗಲಿಲ್ಲ. ಸವೆದ ಮುಖವನ್ನು ಉಳಿಯಿಂದ ತೆಗೆದು, ಅದೇ ಕಲ್ಲಿನಲ್ಲಿ ಹೊಸ ಮುಖ ಕೆತ್ತಿಸಬೇಕೆಂದು ಠರಾವು ಮಾಡಿದರು. ಮುಖದ ಗೆರೆ ಬರೆದುಕೊಡಲು ನನ್ನನ್ನು ಕರೆದರು. ಕಮಿಟಿಯ ಅಧ್ಯಕ್ಷ ಪರಶುರಾಮ ನನ್ನ ಹಳೇ ವಿದ್ಯಾರ್ಥಿ.

"ಅಕ್ಕಾರ, ಮೀಸಿ ಮಾತ್ರ ಚಲೋ ದಪ್ಪ ಇರ್ಲಿರಿ. ರಾಜಾ ಅಂದ್ರ ರಾಜಾ ಕಂಡಂಗ ಕಾಣಬೇಕು. ಈಗಿಂದು ನೋಡಿದ್ರ ಯಾರೋ ದಣದ ಬಂದ ಕುಂತಂಗ ಐತಿ."

ತಪ್ಪು ಎಂದು ನನಗೆ ಆಗಲೇ ಗೊತ್ತಿತ್ತು. ಹಳೇ ಕೆತ್ತನೆಗೆ ಉಳಿ ಮುಟ್ಟಿಸಬಾರದು, ಅದು ಹೋದರೆ ಹೋದಂತೆಯೇ. ಆದರೆ ಹೊಸ ಮುಖದ ಉದ್ಘಾಟನೆಯ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಕಲ್ಲಿನ ಮೇಲೆ ಉಳಿಯುವ ಗೆರೆ ನನ್ನದಾಗುತ್ತದೆ ಎಂಬ ಆಸೆ... ಸುಳ್ಳು ಯಾಕೆ ಹೇಳಲಿ, ಆ ಆಸೆಗೆ ಬಿದ್ದೆ.

ತಯಾರಿಗೆಂದು ಎರಡು ತಿಂಗಳು ಆ ಮಹಾರಾಯನ ಚಿತ್ರಗಳನ್ನು ಹುಡುಕುತ್ತ ತಿರುಗಿದೆ. ಖಾನಾಪುರದ ಹತ್ತಿರ ಒಂದು ಹಳೇ ವಾಡೆಯ ಗೋಡೆಚಿತ್ರದಲ್ಲಿ ಅವನಿಗೆ ಸರದಾರರ ಪಗಡಿ ಸುತ್ತಿ, ಕೈಗೆ ಹುಕ್ಕಾ ಕೊಟ್ಟು ಕೂರಿಸಿದ್ದರು. ಪಾಪ, ಅವನ ಕಾಲಕ್ಕೆ ತಂಬಾಕು ಈ ದೇಶಕ್ಕೇ ಬಂದಿರಲಿಲ್ಲ. ನಮ್ಮ ಓಣಿಯ ಒಂದು ಸೀರೆ ಅಂಗಡಿಯಲ್ಲಿ ಅಜ್ಜನ ಕಾಲದ ಅಚ್ಚಿನ ಚಿತ್ರ ಇತ್ತು. ಅದರಲ್ಲಿ ಗುಲಾಬಿ ಕೆನ್ನೆ, ಹಿಂದೆ ನಾಟಕ ಕಂಪನಿಯ ಪರದೆ. ಸಾಂಬ್ರಾ ರಸ್ತೆಯ ಫ್ಲೆಕ್ಸಿನಲ್ಲಂತೂ ತಾಲೀಮು ಮಾಡಿದ ತೋಳು, ಕೈಯಲ್ಲಿ ಬೆಂಕಿ ಉಗುಳುವ ಕತ್ತಿ. ಯಾರ ಕಾಲಕ್ಕೆ ಯಾವ ದೊಡ್ಡ ಮನುಷ್ಯ ಇಷ್ಟವೋ ಅವನ ಮುಖವನ್ನೇ ಇವನಿಗೆ ಹಚ್ಚಿದ್ದರು. ನಾನೇನು ಕಮ್ಮಿ? ನನ್ನ ಚಿತ್ರದ ಮೀಸೆ ನಮ್ಮ ಮಾವನವರದು.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ಆ ಊರು ಸೇರಿದೆ. ಮರುದಿನ ಬೆಳಿಗ್ಗೆ ಕಲ್ಲುಕುಟಿಗರು ಬರುವವರಿದ್ದರು. ಅಷ್ಟರೊಳಗೆ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಹೊಸ ಮುಖದ ಗೆರೆ ಎಳೆದಿಡಬೇಕು. ಗೆರೆ ಸರಿಯಾಗಿ ಕೂರಬೇಕಾದರೆ ಹಳೇ ಕಣ್ಣು ಮೂಗು ಎಲ್ಲಿದ್ದವು ಎಂದು ಗೊತ್ತಾಗಬೇಕು. ಸವೆದ ಕೆತ್ತನೆ ಹಗಲಿನಲ್ಲಿ ಕಾಣುವುದಿಲ್ಲ. ಕತ್ತಲಾದ ಮೇಲೆ ದೀಪವನ್ನು ಕಲ್ಲಿನ ಮಗ್ಗುಲಿಗೇ ಹಿಡಿದು ಅಡ್ಡ ಬೆಳಕು ಬಿಡಬೇಕು, ಆಗ ಇದ್ದಬದ್ದ ಉಬ್ಬು ತಗ್ಗಿಗೆಲ್ಲ ನೆರಳು ಬೀಳುತ್ತದೆ. ಹಾಗಾಗಿ ಕತ್ತಲಿಗಾಗಿ ಕಾದು ಕೂತೆ.

ಗುಡಿಗೆ ದೀಪ ಹಚ್ಚುವ ಜಿನ್ನಪ್ಪಜ್ಜ ಜೊತೆಗಿದ್ದ. ಆ ರಾತ್ರಿ ನನಗೆ ವಸತಿ ಅವರ ಮನೆಯಲ್ಲೇ. ಬಿಸಿಲು ಗಿಡಗಳ ತುದಿಗೆ ಏರುತ್ತಿದ್ದಂತೆ ಅವನು ಎದ್ದು ನಿಂತ.

"ಅಕ್ಕಾರ, ನಾವು ಜೈನ್ರು, ಹೊತ್ತ ಮುಳುಗೂದ್ರಾಗ ಉಣ್ಣಬೇಕ್ರಿ. ಉಂಡು, ಜಪಾ ಮುಗಿಸಿ ಎಂಟಕ್ಕ ಬರ್ತೇನ್ರಿ. ಒಬ್ಬಾಕೀನ ಅಂಜೂದಿಲ್ಲಲ್ಲ?"

"ಯಾಕ ಅಂಜಲಿ ಅಜ್ಜಾ? ಇಲ್ಲಿ ಇರಾವ್ರು ನಾ ಮತ್ತ ನಿಮ್ಮ ಅರಸ ಇಬ್ಬರ."

ಅಜ್ಜ ನಗಲಿಲ್ಲ. ಕಲ್ಲಿನ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೋದ.

ಕತ್ತಲಾಯಿತು. ಒಳಗೆ ಬಾವಲಿಗಳ ನಾತ, ಎಣ್ಣೆಯ ಜಿಡ್ಡಿನ ವಾಸನೆ. ಮೊಬೈಲಿನ ದೀಪ ಹೊತ್ತಿಸಿ ಕಲ್ಲಿನ ಬಲ ಅಂಚಿಗೆ ಒತ್ತಿ ಹಿಡಿದೆ... ಮುಖ ಎದ್ದು ಬಂತು.

ನಿಜವಾಗಿ ಹೇಳುತ್ತೇನೆ, ಅಷ್ಟು ಸಾದಾ ಮುಖ ಅದು. ಅಗಲ ಕೆನ್ನೆ, ಸಣ್ಣ ಕಣ್ಣು. ಎಡಗಣ್ಣಿನ ರೆಪ್ಪೆ ಚೂರು ಜೋತಿತ್ತು. ಗದ್ದದ ಕೆಳಗೆ ಒಂದು ಮಡಿಕೆ. ಮೀಸೆ ಇರಲೇ ಇಲ್ಲ. ಅರಸನಿಗೆ ಸಿಟ್ಟು ಬಂದೀತು ಎಂದು ಹೆದರದೆ, ಇದ್ದದ್ದನ್ನು ಇದ್ದ ಹಾಗೆ ಕೆತ್ತಿದ್ದ ಆ ಶಿಲ್ಪಿ. ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದ್ದನ್ನು ಅವನು ಮಾಡಿ ತೋರಿಸಿದ್ದ.

ಫೋಟೋ ತೆಗೆಯೋಣ ಎಂದರೆ ದೀಪವೂ ಕ್ಯಾಮೆರಾವೂ ಒಂದೇ ಮೊಬೈಲಿನಲ್ಲಿ. ಎದುರಿಗೆ ಹಿಡಿದರೆ ಮುಖ ಮಾಯ, ಬರೀ ಬೋಳು ಕಲ್ಲು. ಕಾಗದದ ಮೇಲೆ ಬರೆದಿಟ್ಟುಕೊಳ್ಳಬಹುದಿತ್ತು, ಬರೆದುಕೊಳ್ಳಲಿಲ್ಲ. ಪರಶುರಾಮನಿಗೆ ಫೋನು ಹಚ್ಚಿ, ಬೇಡಪ್ಪಾ, ಈ ಕೆಲಸ ನಿಲ್ಲಿಸು ಎನ್ನಬಹುದಿತ್ತು. ಅದನ್ನೂ ಮಾಡಲಿಲ್ಲ. ಸೀಮೆಸುಣ್ಣ ತೆಗೆದು, ಆ ಜೋತ ರೆಪ್ಪೆಯ ಮೇಲೆ ನನ್ನ ಚೂಪು ಕಣ್ಣು ಬರೆಯಲು ಶುರು ಮಾಡಿದೆ.

"ಕಾಯ್..."

ಬೆನ್ನ ಹಿಂದೆ ಯಾರೋ ಅಂದರು. ಮೆಲ್ಲಗೆ, ಗಂಟಲು ಒಣಗಿದವರ ಹಾಗೆ.

ಆ ಕಡೆ ಅರ್ಧ ಊರು ಮನೆಯಲ್ಲಿ ಮರಾಠಿ ಆಡುತ್ತದೆ. ಮರಾಠಿಯಲ್ಲಿ 'ಕಾಯ್' ಎಂದರೆ 'ಏನು'. ಎಮ್ಮೆ ಹೊಡೆದುಕೊಂಡು ಹೋಗುವವರು ಯಾರೋ ಬೆಳಕು ಕಂಡು ಏನು ಅಂತ ಕೇಳುತ್ತಿದ್ದಾರೆ ಎಂದುಕೊಂಡೆ. ತಿರುಗದೆಯೇ ಉತ್ತರ ಕೊಟ್ಟೆ.

"ಕಾಹೀ ನಾಹೀ." ಏನೂ ಇಲ್ಲ.

ನಾನು ಮೂಗಿನ ಗೆರೆ ಎಳೆದೆ. ಸ್ವಲ್ಪ ಹೊತ್ತಿಗೆ ಮತ್ತೆ... "ಕಾಯ್..." ಈ ಸಲ ಹತ್ತಿರದಿಂದ.

ತಿರುಗಿ ಬೆಳಕು ಬಿಟ್ಟೆ. ಬಾಗಿಲಲ್ಲಿ ಯಾರೂ ಇಲ್ಲ. ಅಂಗಳದ ಒಣಗಿದ ಎಲೆಗಳ ಮೇಲೆ ಒಂದು ಹೆಜ್ಜೆಯ ಸದ್ದೂ ಆಗಿರಲಿಲ್ಲ. ಆಗ ನನ್ನ ಮೂಗಿಗೆ ಬಡಿಯಿತು, ಹೊಸದಾಗಿ ಒಡೆದ ಕಲ್ಲಿನ ವಾಸನೆ. ಉಳಿಯ ಪೆಟ್ಟು ಬಿದ್ದಾಗ ಸುಟ್ಟ ಹಾಗೆ ಬರುತ್ತದಲ್ಲ, ಅದು. ಇನ್ನೂ ಯಾರೂ ಉಳಿ ಮುಟ್ಟಿರಲಿಲ್ಲ.

ಕೆಲಸ ಮುಗಿಸಿ ಹೋಗಿಬಿಡೋಣ ಎಂದು ಗಡಿಬಿಡಿಯಲ್ಲಿ ಮೀಸೆ ಬರೆದೆ. ಮೀಸೆಯ ಕೊನೆ ತಿರುವುವಾಗ ಮೂರನೇ ಸಲ ಕೇಳಿತು. ಹಿಂದಿನಿಂದ ಅಲ್ಲ. ನನ್ನ ಕೈಯಿದ್ದ ಕಡೆಯಿಂದ.

"ಕಾಯ್..."

"ಕಾಹೀ ನಾಹೀ! ತುಮ್ಹೀ ಜಾ!" ಏನೂ ಇಲ್ಲ, ಹೋಗಿ ನೀವು ಎಂದು ಕಿರುಚಿದೆ.

ಅದಾದ ಮೇಲೆ ಆ ಗುಡಿ ಎಷ್ಟು ಸ್ತಬ್ಧವಾಯಿತೆಂದರೆ ನನ್ನ ಉಸಿರು ನನಗೇ ಜೋರಾಗಿ ಕೇಳಿಸತೊಡಗಿತು. ಅಜ್ಜ ಬ್ಯಾಟರಿ ಹಿಡಿದು ಬರುವವರೆಗೆ ನಾನು ಅಂಗಳದಲ್ಲಿ, ಸ್ಕೂಟರಿಗೆ ಬೆನ್ನು ಹಚ್ಚಿ ನಿಂತಿದ್ದೆ.

"ಇಲ್ಲಿ ಯಾರರ ಮರಾಠಿ ಮಂದಿ ಬಂದಿದ್ರೇನು ಅಜ್ಜಾ?"

"ಈಗ? ಈ ದಾರೀಲೆ? ಕತ್ತಲಾದ ಮ್ಯಾಲ ಇತ್ತಾಗ ನಾಯಿನೂ ಬರೂದಿಲ್ರಿ." ಅಜ್ಜ ನನ್ನ ಮುಖಕ್ಕೆ ಬೆಳಕು ಬಿಟ್ಟು ನೋಡಿದ. "ಯಾಕ್ರಿ ಅಕ್ಕಾರ, ಬೆವತ ಬಿಟ್ಟೀರಿ?"

ಥಂಡಿಯಲ್ಲಿ ನನ್ನ ಕುಪ್ಪಸ ಒದ್ದೆಯಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅಜ್ಜನ ಹಿಂದೆ ನಡೆದೆ.

ಬೆಳಿಗ್ಗೆ ಏಳಕ್ಕೆ ಎಲ್ಲರೂ ಸೇರಿದರು. ಪರಶುರಾಮ ನನ್ನ ಗೆರೆ ನೋಡಿ ಬಲು ಖುಷಿಯಾದ. "ಖರೇ, ಈಗ ರಾಜಾ ಕಂಡ ನೋಡ್ರಿ!" ಎಂದ. ಕಲ್ಲುಕುಟಿಗ ಉಳಿಯನ್ನು ಅರಸನ ಹುಬ್ಬಿಗೆ ಊರಿ ಸುತ್ತಿಗೆ ಎತ್ತಿದ. ಪಕ್ಕದಲ್ಲಿ ಜಿನ್ನಪ್ಪಜ್ಜ ಕಲ್ಲಿಗೆ ಕೈ ಮುಗಿದು ಬಾಯೊಳಗೇ ಅಂದುಕೊಂಡ.

"ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳಪಾ. ನಮ್ಮನ್ನ ಕಾಯ್..."

ಕಾಯ್.

ಆ ಅರಸ ಆಡಿದ್ದು ಕನ್ನಡ. ಅವನನ್ನು ಕೆತ್ತಿದವನು ಆಡಿದ್ದೂ ಕನ್ನಡ. ಹುಟ್ಟಿದಾಗಿನಿಂದ ನಾನು ಆಡುತ್ತಿರುವುದೂ ಅದೇ ಕನ್ನಡ! ರಾತ್ರಿ ಮೂರು ಸಲ ಬಂದದ್ದು ಪ್ರಶ್ನೆ ಆಗಿರಲಿಲ್ಲ. ನನ್ನನ್ನು ಕಾಪಾಡು ಎಂದು ಒಂದು ಜೀವ ಬೇಡಿಕೊಂಡಿತ್ತು. ನಾನು ಎರಡು ಸಲ ಏನೂ ಇಲ್ಲ ಎಂದೆ. ಹೋಗು ಎಂದೆ.

"ನಿಲ್ಲಸ್ರೀ! ಹೊಡೀಬ್ಯಾಡ್ರೀ!"

ನಾನು ಕೂಗಿದ್ದೂ ಸುತ್ತಿಗೆ ಬಿದ್ದದ್ದೂ ಒಟ್ಟಿಗೇ. ಹುಬ್ಬಿನಿಂದ ಗದ್ದದವರೆಗೆ ಮುಖ ಒಂದೇ ಚಕ್ಕೆಯಾಗಿ ಕಳಚಿ ನೆಲಕ್ಕೆ ಬಿತ್ತು. ಓಡಿಹೋಗಿ ಎತ್ತಿಕೊಂಡೆ. ಕೈಯಲ್ಲಿ ಒದ್ದೆ ಬೆಲ್ಲದಂತೆ ಪುಡಿಪುಡಿಯಾಯಿತು. ಅಷ್ಟು ಗಟ್ಟಿ ಕಲ್ಲು ಹೀಗೆ ಪುಡಿಯಾದದ್ದನ್ನು ತಾನು ನೋಡಿಯೇ ಇಲ್ಲ ಎಂದು ಕಲ್ಲುಕುಟಿಗ ಹಿಂದೆ ಸರಿದು ನಿಂತ.

"ಏನಾತ್ರಿ ಅಕ್ಕಾರ?" ಪರಶುರಾಮ ಕೇಳುತ್ತಲೇ ಇದ್ದ. ಏನೆಂದು ಹೇಳಲಿ? ಹೇಳಿದರೂ ಆ ಮುಖ ಮರಳಿ ಬರುತ್ತಿತ್ತೇ? ನನ್ನ ಕಾಗದದ ಚಿತ್ರ ನೋಡಿಕೊಂಡು ಕೆತ್ತಿದರು, ಸಂಜೆಯ ಹೊತ್ತಿಗೆ ಮೀಸೆಯ ಹೊಸ ಮುಖ ಎದ್ದಿತು. ಈಗ ಜನ ಬಂದು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಆ ನಿಜವಾದ ಮುಖವನ್ನು ಕೊನೆಯದಾಗಿ ಕಂಡವಳು ನಾನು. ಕಾಗದದ ಮೇಲಾದರೂ ಅದು ಉಳಿಯಲಿ ಎಂದು ಅಂದಿನಿಂದ ಬರೆಯುತ್ತಿದ್ದೇನೆ. ರೆಪ್ಪೆ ಜೋತಿತ್ತು, ಕೆನ್ನೆ ಅಗಲವಿತ್ತು ಎಂದು ಬಾಯಲ್ಲಿ ಹೇಳಬಲ್ಲೆ. ಪೆನ್ಸಿಲ್ ಹಿಡಿದರೆ ಕಣ್ಣು ಚೂಪಾಗುತ್ತದೆ, ಮೂಗಿನ ಕೆಳಗೆ ಬಂದ ಕೂಡಲೇ ಕೈ ತಾನಾಗಿ ಮೀಸೆ ತಿರುವುತ್ತದೆ. ಎಡಗೈಯಿಂದ ಹಿಡಿದುಕೊಂಡರೂ ನಿಲ್ಲುವುದಿಲ್ಲ.

ಮೊನ್ನೆ ಸಿಟ್ಟಿಗೆದ್ದು ಒಂದನ್ನು ಹರಿಯಲು ಹೋದೆ. ಅಡಿಗೆಮನೆಯಲ್ಲಿ ಒಗ್ಗರಣೆಯ ಘಾಟು ತುಂಬಿತ್ತು, ಆದರೂ ಕಾಗದದಿಂದ ಒಡೆದ ಕಲ್ಲಿನ ವಾಸನೆ ಬಂತು... ಹರಿಯಲಿಲ್ಲ. ಮೀಸೆಯ ಆ ಚಿತ್ರಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟು, ಬೀಗ ಹಾಕಿ, ರಾತ್ರಿ ಅದರ ಪಕ್ಕದಲ್ಲೇ ಹಾಸಿಕೊಳ್ಳುತ್ತೇನೆ. ಯಾಕೆ ಎಂದು ಮನೆಯವರು ಕೇಳಿದರೆ ನನ್ನಲ್ಲಿರುವುದು ಒಂದೇ ಉತ್ತರ.

ಕಾಯುತ್ತಿದ್ದೇನೆ.