ಸಿಸ್ಟರ್ ಹತ್ತಿರ ಕೊಸರು ಕೇಳಿದ್ದು

ಹೇಳಿದ ಬೆಲೆಗೆ ಯಾವ ವಸ್ತುವನ್ನೂ ಕೊಂಡ ಮನುಷ್ಯನಲ್ಲ ನಾನು. ಬಟ್ಟೆಯಂಗಡಿಯಲ್ಲಿ 'ಒಂದೇ ದರ' ಎಂಬ ಬೋರ್ಡು ಕಂಡರೆ ಅದು ಚೌಕಾಸಿಗೆ ಹೊಡೆಸಿದ ಆಮಂತ್ರಣ ಪತ್ರಿಕೆಯೆಂದೇ ತಿಳಿಯುತ್ತೇನೆ. ಹೆಡತಲೆ ಎಂಬ ಹಳ್ಳಿಯಿಂದ ಬರಿಗೈಯಲ್ಲಿ ಬಂದು ನಂಜನಗೂಡಿನಲ್ಲಿ ಬಾಳೆಹಣ್ಣಿನ ಮಂಡಿ ಹಾಕಿದವನಿಗೆ ಇಷ್ಟಾದರೂ ಜಂಬ ಇರಬೇಡವೇ? ನೀವೂ ಒಂದು ಮಾತು ನೆನಪಿಟ್ಟುಕೊಳ್ಳಿ. ಬೆಲೆ ಇಳಿಸುವುದು ಎಲ್ಲರಿಗೂ ಬರುತ್ತದೆ. ಬೆಲೆ ಕುದುರಿ, ತೂಕ ಮುಗಿದು, ಚೀಲದ ಬಾಯಿ ಕಟ್ಟುವ ಮುನ್ನ 'ಎಲ್ಲಿ, ಕೊಸರು ಹಾಕಿ' ಎನ್ನುವುದಿದೆಯಲ್ಲ, ವಿದ್ಯೆ ಇರುವುದು ಅಲ್ಲಿ.

ಕೊಸರು ಯಾವ ಲೆಕ್ಕಕ್ಕೂ ಸಿಗದ ಪದಾರ್ಥ. ಒಂದು ಹಿಡಿ ಹುರುಳಿಕಾಯಿ, ನಾಲ್ಕು ಮೆಣಸಿನಕಾಯಿ, ಒಂದು ಕಡ್ಡಿ ಕರಿಬೇವು. ಸೇರು, ಪಾವುಗಳ ಕಾಲದಲ್ಲಿ ಅಳೆಯುವವನ ಕೈ ಸ್ವಲ್ಪ ಬಿಗಿಯಾದದ್ದಕ್ಕೆ ಪ್ರಾಯಶ್ಚಿತ್ತವಾಗಿ ಅದು ಹುಟ್ಟಿರಬೇಕೆಂಬುದು ನನ್ನ ಸ್ವಂತ ಸಂಶೋಧನೆ. ಈಗ ಡಿಜಿಟಲ್ ತಕ್ಕಡಿ ಬಂದಿದೆ, ಗ್ರಾಮಿನ ಮಟ್ಟಕ್ಕೂ ನ್ಯಾಯ ಹೇಳುತ್ತದೆ. ಆದರೂ ಕೊಸರು ಕೇಳದೆ ಎದ್ದುಹೋಗುವ ಗಿರಾಕಿಯನ್ನು ಕಂಡರೆ, ಮಜ್ಜಿಗೆ ಬಡಿಸುವ ಮೊದಲೇ ಪಂಕ್ತಿಯಿಂದ ಎದ್ದವನನ್ನು ಕಂಡಂತೆ ನನಗೆ ಕಸಿವಿಸಿಯಾಗುತ್ತದೆ.

ಇಂಥ ನಾನು ಮಗಳನ್ನು ಸೇರಿಸಿದ್ದು ಊರಾಚೆಯ ಬಡಾವಣೆಯ ಕಾನ್ವೆಂಟಿಗೆ. ನಮ್ಮ ಕಡೆ ಟೈ ಕಟ್ಟಿಸುವ ಶಾಲೆಗಳೆಲ್ಲ ಕಾನ್ವೆಂಟುಗಳೇ, ಆದರೆ ಇದು ಅಸಲಿ ಮಾಲು. ಗೇಟಿನೊಳಗೆ ಮೇರಿಮಾತೆಯ ಪುಟ್ಟ ಗವಿ ಇದೆ. ಪರೀಕ್ಷೆಯ ದಿನ ಹಣೆಗೆ ವಿಭೂತಿ ಇಟ್ಟ ಮಕ್ಕಳೂ ಅದರ ಮುಂದೆ ನಿಂತು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತವೆ. ಬರುವ ದಾರಿಯಲ್ಲಿ ನಂಜುಂಡೇಶ್ವರನಿಗೂ ಕೈ ಮುಗಿದೇ ಬಂದಿರುತ್ತವೆ. ಒಂದೇ ಅಂಗಡಿಯನ್ನು ನಂಬಿ ಕೂರಬಾರದೆಂದು ಇವಕ್ಕೆ ಯಾರು ಕಲಿಸಿದರೋ, ನನಗಂತೂ ಸಂತೋಷವಾಯಿತು. ಕೊಳೆಯಾದ ಬಿಳಿ ಶೂಗೆ ತರಗತಿಯ ಸೀಮೆಸುಣ್ಣ ಉಜ್ಜುವುದು, ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಕಾನೂನನ್ನು 'ಮಿಸ್, ಶಿ ಈಸ್ ಚಿವುಟಿಂಗ್ ಮಿ' ಎಂದು ಪಾಲಿಸುವುದು, ಇವೂ ಅಲ್ಲಿನ ವಿದ್ಯಾಭ್ಯಾಸದ ಭಾಗಗಳು.

ಮಗಳು ಭವ್ಯ ಒಂಬತ್ತನೇ ತರಗತಿ. ಶಾಲೆಯ ಥ್ರೋಬಾಲ್ ತಂಡದಲ್ಲಿ ಅವಳ ಸರ್ವಿಸಿಗೆ ಹೆಸರಿದೆ. ಟಿ. ನರಸೀಪುರದಲ್ಲಿ ಪಂದ್ಯ ನಿಗದಿಯಾಗಿತ್ತು. ಅಷ್ಟರಲ್ಲಿ ಕಿರುಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ಪಾಸಾಗಲು ಎರಡು ಅಂಕ ಕಮ್ಮಿ. ಫೇಲಾದವರು ತಂಡದಲ್ಲಿ ಇರುವಂತಿಲ್ಲ ಎಂಬುದು ಶಾಲೆಯ ನಿಯಮ. ಹುಡುಗಿ ತಟ್ಟೆ ಮುಂದೆ ಕೂತು ಅತ್ತಳು. ನನಗೋ, ಆ ಎರಡು ಅಂಕ ಅಂಕವಾಗಿ ಕಾಣಲೇ ಇಲ್ಲ. ಕೊಸರಾಗಿ ಕಂಡಿತು.

"ಅಪ್ಪಾ, ನೀನ್ ಮಾತ್ರ ಸ್ಕೂಲಿಗೆ ಬರಬೇಡ. ಅಲ್ಲಿ ನಿನ್ ವ್ಯಾಪಾರ ನಡ್ಯಲ್ಲ."

"ಸುಮ್ಕಿರವ್ವ. ಸಿಸ್ಟರ್ ಅಂದ್ರೆ ಅಕ್ಕ ತಾನೆ? ಮಂಡೀಲಿ ದಿನಾ ಎಷ್ಟ್ ಜನ ಅಕ್ಕದೀರ್ನ ನೋಡಲ್ಲ ನಾನು!"

ಗಿರಾಕಿಯನ್ನು ಅಕ್ಕ ಎಂದರೆ ಅರ್ಧ ವ್ಯಾಪಾರ ಮುಗಿದಂತೆ ಎಂಬುದು ನನ್ನ ಅನುಭವ. ಉಳಿದರ್ಧಕ್ಕೆ ಇರಲೆಂದು ಒಂದು ಗೊನೆ ರಸಬಾಳೆ ಹೊತ್ತು ಹೋದೆ. ಹೆಡ್‌ಮಿಸ್ ಸಿಸ್ಟರ್ ಮಂಗಳೂರು ಕಡೆಯವರು, ಗಣಿತದ ಪಾಠವೂ ಅವರದೇ.

"ಅಕ್ಕಾ," ಎಂದೆ, "ಎರಡೇ ಎರಡು ನಂಬರು. ಕೊಸರು ಅಂತ ಹಾಕ್ಬುಡಿ. ಮಗು ಆಡ್ಕೊಳ್ಲಿ."

"ಕೊಸರು ಅಂದ್ರೆ ಎಂಥದ್ದು?"

ಆ ಪದ ಅವರ ಕಡೆ ಬಳಕೆಯಲ್ಲಿಲ್ಲವೇನೋ. ತಕ್ಕಡಿ, ತೂಕ, ಚೀಲದ ಬಾಯಿ, ಹಿಡಿ ಹುರುಳಿಕಾಯಿ ಎಲ್ಲವನ್ನೂ ವಿಸ್ತಾರವಾಗಿ ವಿವರಿಸಿದೆ. ಪಾಠ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದೆನೆಂದು ಭವ್ಯ ಆಮೇಲೆ ಹೇಳಿದಳು. ಸಿಸ್ಟರ್ ಪೂರ್ತಿ ಕೇಳಿ ಕನ್ನಡಕ ತೆಗೆದರು.

"ಮೊದಲು ತೂಕ ಸರಿ ಬರಬೇಕಲ್ಲ ಮಾರಾಯ್ರೆ? ತೂಕವೇ ಕಮ್ಮಿ ಇದ್ರೆ ಕೊಸರು ಎಲ್ಲಿಂದ ಹಾಕೋದು?"

ನನ್ನ ಮಾಲನ್ನೇ ನನಗೆ ಮಾರಿದ್ದರು! ವರ್ಷಗಟ್ಟಲೆ ಮಂಡಿಯಲ್ಲಿ ಕೂತ ನನಗೆ ಈ ಮಾತು ಹೊಳೆದಿರಲಿಲ್ಲ. ಆದರೂ ಹುಟ್ಟುಗುಣ ಬಿಡುತ್ತದೆಯೇ?

"ಎರಡು ಬ್ಯಾಡ ಬುಡಿ ಅಕ್ಕಾ, ಒಂದು ನೀವ್ ಹಾಕಿ. ಇನ್ನೊಂದ ನಾವೇ ಎಲ್ಲಾರ ನೋಡ್ಕೊತೀವಿ."

ಸಿಸ್ಟರ್‌ಗೆ ನಗು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭವ್ಯ ಮುಖ ಕೆಂಪು ಮಾಡಿಕೊಂಡು ಒಳಗೆ ಬಂದಳು. "ಸಿಸ್ಟರ್, ನಮ್ಮಪ್ಪಂಗೆ ಹೂಂ ಅನ್ಬೇಡಿ. ನಾನು ಇನ್ನೊಂದ್ಸಲ ಬರೀತೀನಿ."

"ಪಂದ್ಯಕ್ಕೆ ಮುಂಚೆ ಬರಿ. ಪ್ರಶ್ನೆ ಬೇರೆ ಇರ್ತದೆ. ಫೇಲಾದವರೆಲ್ಲ ಬರೀಲಿ, ನೀನೊಬ್ಬಳೇ ಅಲ್ಲ."

"ಸರಿ ಸಿಸ್ಟರ್."

ಎರಡೇ ಮಾತಿಗೆ ವ್ಯಾಪಾರ ಮುಗಿಯಿತು. ದಲ್ಲಾಳಿಯನ್ನು ಯಾರೂ ಕೇಳಲಿಲ್ಲ. ಗೊನೆಯನ್ನು ಸಿಸ್ಟರ್ ಹಿಂದಕ್ಕೂ ಕೊಡಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಮಾರನೆಯ ದಿನ ಒಂಬತ್ತನೇ ತರಗತಿಗೆಲ್ಲ ಹಂಚಿ, ಇದು ಭವ್ಯಳ ತಂದೆ ಪ್ರೀತಿಯಿಂದ ಕೊಟ್ಟದ್ದೆಂದು ಹೇಳಿದರಂತೆ. ಅಂದಿನಿಂದ ಗೆಳತಿಯರು ಅವಳನ್ನು ಕರೆಯುವುದು 'ರಸಬಾಳೆ' ಎಂದು. ಅವಳು ಬಂದು ನನ್ನ ಮೇಲೆ ಹರಿಹಾಯ್ದಳು. ಪುಕ್ಕಟೆ ಜಾಹೀರಾತು ಸಿಕ್ಕಿತೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು, ಹೇಳುವ ಧೈರ್ಯ ಬರಲಿಲ್ಲ.

ಮತ್ತೆ ಬರೆದಳು, ಪಾಸಾದಳು. ಎಷ್ಟು ಬಂತು ಎಂದೆ. "ಸಾಕಾಗೋಷ್ಟು" ಎಂದಳು.

ನರಸೀಪುರದ ಪಂದ್ಯಕ್ಕೆ ನಾನೂ ಹೋದೆ. ಕೊನೆಯ ಹೊತ್ತಿನಲ್ಲಿ ಇವಳೆಸೆದ ಚೆಂಡು ಗೆರೆಯ ಮೇಲೆ ಬಿತ್ತು. ನನ್ನ ಕಣ್ಣಿಗೆ ಗೆರೆಯ ಮೇಲೆ, ಅಂಪೈರ್ ಕಣ್ಣಿಗೆ ಆಚೆ. "ಸಾ, ಒಸಿ ನೋಡಿ ಸಾ..." ಎಂದು ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಭವ್ಯ ತಿರುಗಿ ನೋಡಿದಳು. ಬಾಯಿ ತಾನಾಗಿ ಮುಚ್ಚಿಕೊಂಡಿತು. ತಂಡ ಸೋತಿತು.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದಳು. ಸೋಲಿಗೆ ಕಾರಣಗಳನ್ನೂ ಮುಂದಿನ ಪಂದ್ಯಕ್ಕೆ ಸಲಹೆಗಳನ್ನೂ ನಾನು ಆಗಲೇ ಜೋಡಿಸಿಟ್ಟುಕೊಂಡಿದ್ದೆ. ಊರು ದಾಟುತ್ತಿದ್ದಂತೆ ಬೆನ್ನ ಹಿಂದಿನಿಂದ ಕೇಳಿಸಿತು: "ಅಪ್ಪಾ, ಚೆನ್ನಾಗಾಡಿದ್ನಾ? ಅಷ್ಟೇ ಹೇಳು."

"ಚೆನ್ನಾಗಾಡ್ದೆ ಕಣವ್ವ" ಎಂದೆ. ಅದರ ಹಿಂದೆಯೇ ಒಂದು 'ಆದ್ರೆ' ಗಂಟಲವರೆಗೆ ಬಂದಿತ್ತು. ನುಂಗಿಕೊಂಡೆ. ಅವಳು ತಂಡದವರು ಕೂಗುವ ಕೂಗನ್ನು ಸಣ್ಣಗೆ ಗುನುಗಲು ಶುರುಮಾಡಿದಳು. ನರಸೀಪುರದಿಂದ ನಂಜನಗೂಡಿಗೆ ಅಂಥ ದೂರವೇನಿಲ್ಲ ಎಂದು ಇದುವರೆಗೆ ತಿಳಿದಿದ್ದೆ. ಬಾಯಿ ಮುಚ್ಚಿಕೊಂಡು ಹೋಗಿ ನೋಡಿ, ಗೊತ್ತಾಗುತ್ತದೆ.