ಬೀಗಿತ್ತಿ ಒಯ್ದ ಮುಗುಮೋ

ಬೀಗಿತ್ತಿ ನಾಲಿಗೆ ಲೊಚಗುಟ್ಟಿದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವರು ಸೊಸೆ ವಂಜಿರುವಿನ ತಾಯಿ, ಕಿಕುಯು ಜನ. ನೈರೋಬಿಯ ನಮ್ಮ ವೆರಾಂಡಾದಲ್ಲಿ ಅವರಿಗೆಂದೇ ಬೆಳೆಸಿದ ಬೋನ್ಸಾಯ್ ಗಿಫ್ಟನ್ನು ಮುಂದಿಟ್ಟಿದ್ದೆ. ಅದು ಮುಗುಮೋ, ನಮ್ಮ ಆಲ, ಅರಳಿಯ ಬಳಗದ್ದು. ಗೇಣುದ್ದದ ಗಿಡ ಥೇಟ್ ಹಳೆಯ ಹೆಮ್ಮರದಂತೆ ಕಾಣಲೆಂದು ಕೊಂಬೆಗಳಿಗೆ ತಂತಿ ಸುತ್ತಿ ಬಗ್ಗಿಸಿದ್ದೆ.

"ಲವ್ಲೀ ಅಲ್ವಾ ಮಾಮಾ? ಬೇರು ಕತ್ತರಿಸ್ತಾ ಇದ್ರೆ ಹೀಗೇ ಪುಟಾಣಿಯಾಗಿರತ್ತೆ," ಎಂದು ಜಂಬದಿಂದ ಹೇಳಿದೆ. ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದೇ 'ಮಾಮಾ' ಎಂದು.

"ಪೋಲೆ, ಪೋಲೆ," ಎಂದು ಅವರು ಸ್ವಾಹಿಲಿಯಲ್ಲಿ ಗಿಡಕ್ಕೇ ಸಾರಿ ಹೇಳುತ್ತ, ಸವರಿ ಸಮಾಧಾನ ಮಾಡಿದರು. ಆಮೇಲೆ ನನ್ನತ್ತ ತಿರುಗಿ, "ಇದರ ಕೆಳಗೆ ನಿಂತು ನಮ್ಮ ಹಿರಿಯರು ದೇವರನ್ನ ಕರೀತಿದ್ರು. ನಾವು ಇದಕ್ಕೆ ಕತ್ತಿ ತಾಗಿಸಲ್ಲ, ಮಾಮಾ," ಎಂದರು.

ಅರಳಿಕಟ್ಟೆ ಸುತ್ತಿ ಬೆಳೆದ ನನಗೆ ಇದು ಹೊಳೆಯಬೇಡವೆ? ಮಾತೆತ್ತಿದರೆ ಸಾರಿ ಎನ್ನಲು ಕಲಿತ ಕಾನ್ವೆಂಟಿನವಳು ನಾನು. ಆ ದಿನ ನಾಚಿಕೆಯಿಂದ ಅದೂ ಬಾಯಿಂದ ಹೊರಡಲಿಲ್ಲ.

ಆದರೂ ಅವರು ಗಿಡವನ್ನು ಬಿಟ್ಟುಹೋಗಲಿಲ್ಲ. ಮಟಾಟು ವ್ಯಾನು ಹೊರಟಾಗ ಕಿಟಕಿಯ ಪಕ್ಕ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಆಗಲೇ ತಂತಿ ಬಿಚ್ಚತೊಡಗಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.