ಎರಡೂ ಕಡೆ ಸಿಂಹ

ಕಳೆದ ಭಾನುವಾರ ಗೆಳೆಯ ಗುರುಸಿದ್ದ ಮನೆಗೆ ಬಂದವನೇ ಟೀಪಾಯಿ ಮೇಲೆ ಒಂದು ನಾಣ್ಯ ಇಟ್ಟ. “ನಮ್ಮವ್ವ ನನಗೆ ಮೋಸ ಮಾಡ್ಯಾಳೋ ಇಲ್ಲೋ, ಇದನ್ನ ನೋಡಿ ಹೇಳು” ಅಂದ.

ಹಳೆಯ ಕಾಲದ ದಪ್ಪನೆಯ ಐದು ರೂಪಾಯಿ. ಕೈಗೆತ್ತಿಕೊಂಡೆ. ಈ ಕಡೆ ಸಿಂಹ. ತಿರುಗಿಸಿದೆ. ಆ ಕಡೆಯೂ ಸಿಂಹ!

ನನ್ನ ನಾಣ್ಯದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. (ನನ್ನ ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತು.) ದಾವಣಗೆರೆಯಲ್ಲಿ ಯಾರಿಗಾದರೂ ಸೊಟ್ಟ ನಾಣ್ಯ ಸಿಕ್ಕರೆ ಅದು ನಮ್ಮ ಮನೆಗೆ ಬರುತ್ತದೆ. ಬಂದವರದು ಒಂದೇ ಪ್ರಶ್ನೆ: ಎಷ್ಟು ಲಕ್ಷ ಬರುತ್ತೆ ಸಾರ್? ಎಲ್ಲ ಯೂಟ್ಯೂಬ್ ಕೃಪೆ. ಚಹಾ ಕುಡಿಸಿ ಕಳಿಸುತ್ತೇನೆ.

ಗುರುಸಿದ್ದ ರೇಟು ಕೇಳಲಿಲ್ಲ. ಅವನ ಕಥೆಯೇ ಬೇರೆ.

ಇವರದು ಹರಿಹರದಲ್ಲಿ ಅಪ್ಪ ಕಟ್ಟಿದ ಪಾತ್ರೆ ಅಂಗಡಿ. ಅಪ್ಪ ಹೋದ ಮೇಲೆ ದಾವಣಗೆರೆಯಲ್ಲೂ ಒಂದು ಮಳಿಗೆ ಹಿಡಿದರು. ಹರಿಹರದ್ದು ನಡೆಯುವ ಅಂಗಡಿ, ದಾವಣಗೆರೆಯದು ಬರೀ ಶಟರ್ ಮತ್ತು ಗೋಡೆ. ಅಣ್ಣ ಚನ್ನಬಸಣ್ಣನಿಗೆ ಯಾವುದು, ತಮ್ಮ ಗುರುಸಿದ್ದನಿಗೆ ಯಾವುದು? ಆ ಮನೆಯಲ್ಲಿ ಇಂಥದ್ದಕ್ಕೆಲ್ಲ ದೇವರ ಮುಂದೆ ನಾಣ್ಯ ಚಿಮ್ಮುವುದು ಪದ್ಧತಿ. ಅವ್ವ ಶಿವಗಂಗಮ್ಮ ತಾನೇ ಚಿಮ್ಮಿದಳು. ಸಿಂಹ ಬಿದ್ದರೆ ಹರಿಹರದ ಅಂಗಡಿ ಅಣ್ಣನಿಗೆ, ಅಂಕಿ ಬಿದ್ದರೆ ತಮ್ಮನಿಗೆ. ಸಿಂಹ ಬಿತ್ತು. ದೇವರು ಮಾತಾಡಿದ ನಾಣ್ಯವನ್ನು ಯಾರೂ ಮುಟ್ಟಬಾರದು ಅಂತ ಅವ್ವ ಅದನ್ನು ಕೂಡಲೇ ವಿಭೂತಿ ಡಬ್ಬಿಗೆ ಹಾಕಿದಳು. ಗುರುಸಿದ್ದ ಶಟರಿನ ಕೀಲಿ ಹಿಡಿದುಕೊಂಡು ದಾವಣಗೆರೆಗೆ ಬಂದ.

ಮೊನ್ನೆ ಊರಿಗೆ ಹೋದಾಗ ದೇವರ ಸಾಮಾನು ತೊಳೆಯಲು ಕೂತಿದ್ದಾನೆ. ಡಬ್ಬಿ ಬೋರಲು ಹಾಕಿದ್ದಾನೆ. ನಾಣ್ಯ ಹೊರಗೆ ಬಂದಿದೆ. ಅವ್ವನಿಗೆ ಹೇಳದೆ ಜೇಬಿಗೆ ಹಾಕಿಕೊಂಡು ಬಂದಿದ್ದಾನೆ.

“ಟಂಕಸಾಲೆಯವರೇ ತಪ್ಪು ಮಾಡಿರಬೋದಲ್ಲ? ಅವ್ವಗೆ ಗೊತ್ತೇ ಇರಲಿಲ್ಲ ಅಂತಾದ್ರೆ ನನಗೆ ಅಷ್ಟೇ ಸಾಕು” ಅಂದ.

ಆದರೆ ನಾಣ್ಯದ ವಿಷಯದಲ್ಲಿ ನಾನು ಮುಲಾಜು ನೋಡುವವನಲ್ಲ. ಮೊದಲು ಕಿವಿಯ ಕೆಲಸ. ನನ್ನದೊಂದು ಐದು ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿದೆ. ಠಣ್! ಅವನದನ್ನು ಬೀಳಿಸಿದೆ. ಠಪ್. ಆಮೇಲೆ ಭೂತಗನ್ನಡಿ. ಒಂದು ಕಡೆ ಅಂಚಿನ ಒಳಮಗ್ಗುಲಿಗೆ ಕೂದಲೆಳೆಯಂಥ ಗೆರೆ, ಸುತ್ತಲೂ. ಉಗುರಿಗೆ ತಾಗುತ್ತಿತ್ತು.

ಕೇಳಿ. ಟಂಕಸಾಲೆಯ ತಪ್ಪಿಗೂ ಒಂದು ರೀತಿ ಇರುತ್ತದೆ. ಲೋಹದ ಬಿಲ್ಲೆ ಅಚ್ಚಿನಡಿ ಜರುಗಿದರೆ ಚಿತ್ರ ಒಂದು ಪಕ್ಕಕ್ಕೆ ಬೀಳುತ್ತದೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡರೆ ಮುಂದಿನದರ ಎರಡೂ ಕಡೆ ಒಂದೇ ಚಿತ್ರ ಬರುವುದುಂಟು, ಆದರೆ ಒಂದು ಉಬ್ಬಿರುತ್ತದೆ, ಇನ್ನೊಂದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ತಗ್ಗಿನಲ್ಲಿರುತ್ತದೆ. ಎರಡೂ ಕಡೆ ಚೊಕ್ಕವಾಗಿ ಉಬ್ಬಿದ ಸಿಂಹ? ಟಂಕಸಾಲೆಯಿಂದ ಬರುವುದೇ ಇಲ್ಲ ಅನ್ನಲಾರೆ, ಆದರೆ ಅದಕ್ಕೆ ಬೆಸುಗೆಯ ಗೆರೆ ಇರುವುದಿಲ್ಲ. ಇದು ಒಂದು ನಾಣ್ಯದ ಹೊಟ್ಟೆ ಕೊರೆದು ಇನ್ನೊಂದನ್ನು ಕೂಡಿಸಿದ್ದು. ಜಾದೂದವರ ಮಾಲು.

“ಮಾಡಿಸಿದ್ದು” ಅಂದೆ. ಗುರುಸಿದ್ದ ಚಹಾ ಮುಟ್ಟಲಿಲ್ಲ. “ನಡಿ, ಹರಿಹರಕ್ಕೆ ಹೋಗೋಣ” ಅಂದ.

ಇಬ್ಬರೂ ಕಾರು ಹತ್ತಿದೆವು.

ಚನ್ನಬಸಣ್ಣ ಅಂಗಡಿಯಲ್ಲಿದ್ದ. ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗುರುಸಿದ್ದ ಅಂಗೈ ಬಿಚ್ಚಿ ತೋರಿಸಿದ. ಅವ್ವ ಗಾಬರಿ ಬೀಳಲಿಲ್ಲ. ಬೀದಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ನಿಮ್ಮ ಸಣ್ಣ ಸೋದರಮಾವ ಕಾಲೇಜಿಗೆ ಹೋಗ್ತಿದ್ದಾಗ ಜಾದೂ ಕಲಿತೀನಿ ಅಂತ ತಂದಿದ್ದ. ಇಟ್ಕೊಂಡಿದ್ದೆ.”

“ದೇವರ ಮುಂದೆ ಹಿಂಗ ಮಾಡೋದೇನು ಬೇ?”

“ದೇವರಿಗೆ ಗೊತ್ತಿತ್ತು ಬಿಡು. ನಿಮ್ಮಣ್ಣ ಬಂದ ಗಿರಾಕಿಗೆ ಸಾಮಾನು ಕೊಡ್ತಾನೆ. ಬರದೇ ಇರೋ ಗಿರಾಕಿನ ಕರ್ಕೊಂಬರೋನು ನೀನು. ಅವನ್ನ ಹೊಸ ಊರಿಗೆ ಕಳಿಸಿದ್ರೆ ಅಂಗಡಿ ಮುಚ್ಕೊಂಡು ಬರ್ತಿದ್ದ. ಅದನ್ನ ನಾನು ಬಾಯಿಬಿಟ್ಟು ಹೇಳಿದ್ರೆ? ಅವ್ವನ ಕಣ್ಣಿಗೆ ನಾನು ತಮ್ಮನಿಗಿಂತ ಕಡಿಮಿ ಅಂತ ಸಾಯೋತನಕ ಕೊರಗ್ತಿದ್ದ.”

“ನನಗಾದ್ರೂ ಒಂದು ಮಾತು ಹೇಳಬೋದಿತ್ತಲ್ಲ?”

“ಹೇಳಿದ್ರೆ ನೀನು ಸುಮ್ನೆ ಇರ್ತಿದ್ದೇನು? ಜಗಳ ಆಡಿದ ದಿನ ಅಣ್ಣನ ಮುಖಕ್ಕೆ ಹೊಡ್ದಂಗೆ ಅಂತಿದ್ದಿ.”

(ಅಂದೇ ಅಂತಿದ್ದ. ಅವನ ಬಾಯಿ ನನಗೂ ಗೊತ್ತು.) ಗುರುಸಿದ್ದನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಅವ್ವನ ಪಕ್ಕ ಕೂತು ಅವರೆಕಾಯಿ ಸುಲಿಯತೊಡಗಿದ. ಅಷ್ಟರಲ್ಲಿ ಚನ್ನಬಸಣ್ಣ ಒಳಗೆ ಬಂದು, “ಯಾವಾಗ ಬಂದ್ರಿ? ಊಟ ಮಾಡ್ಕೊಂಡೇ ಹೋಗ್ಬೇಕು” ಅಂದ. ತಮ್ಮ ನಾಣ್ಯವನ್ನು ಮೆಲ್ಲಗೆ ಜೇಬಿಗಿಳಿಸಿದ.

ವಾಪಸ್ ಬರುವಾಗ ಕೇಳಿದೆ, “ಆ ನಾಣ್ಯ ನನ್ನ ಸಂಗ್ರಹಕ್ಕೆ ಕೊಡ್ತೀಯಾ? ಖೋಟಾದ್ದೂ ಒಂದಿರಲಿ.”

“ಬ್ಯಾಡ ಬಿಡು, ನನ್ನತ್ರಾನೇ ಇರ್ಲಿ” ಅಂದ.

ಅಂದಹಾಗೆ, ಗುರುಸಿದ್ದನಿಗೂ ಇಬ್ಬರು ಗಂಡುಮಕ್ಕಳು ಅಂತ ನಿಮಗೆ ಹೇಳಿದೆನಾ?